ಮೂರು ಕಂಪನಿ ರೌಟರ್, ಒಂದು ಬ್ಯಾರನ್

ನಮ್ಮೂರ ಮನೇಲಿ ಈಗ ಮೂರು ವೈಫೈ ರೌಟರ್ ಇವೆ. ಮೂರೂ ಬೇರೆ ಬೇರೆ ಕಂಪನಿಯವು. ಒಂದು ಫೈಬರ್ ಕನೆಕ್ಷನ್ ಜೊತೆಗೇ ಬಂದಿದ್ದು, ಇನ್ನೊಂದು ನಾನು ಬೆಂಗಳೂರಲ್ಲಿ ರೂಮ್ ಮಾಡ್ಕೊಂಡಿದ್ದಾಗ ತಗೊಂಡಿದ್ದ ಟಿಪಿ-ಲಿಂಕ್, ಮೂರನೇದು ಪಿರಿಯಾಪಟ್ಟಣದ ಭಾವ "ತಗೊಂಡೋಗಪ್ಪ, ಅಟ್ಟದ ಮೇಲೆ ಸುಮ್ನೆ ಬಿದ್ದದೆ" ಅಂತ ಕೊಟ್ಟ ಡಿ-ಲಿಂಕ್. ಈ ಮೂರನ್ನೂ ಒಂದೇ ಸಂಸಾರ ಮಾಡಿಸಿದ ಕಥೆ ಬರೀತೀನಿ ಅಂತ ಒಂದಿಬ್ಬರು ಗೆಳೆಯರಿಗೆ ಮಾತು ಕೊಟ್ಟು ಬಹಳ ದಿನ ಆಯ್ತು. ಇವತ್ತು ಭಾನುವಾರ, ಕರೆಂಟೂ ಇದೆ :-)

ಊರು ಹುಣಸೂರು ತಾಲ್ಲೂಕು, ಹನಗೋಡು ಕಡೆ. ನಾಗರಹೊಳೆ ಕಾಡು ದೂರ ಏನಿಲ್ಲ. ಮನೆ ಹೆಂಚಿನದು, ಗೋಡೆ ಮಣ್ಣಿಂದು, ಒಂದೂವರೆ ಅಡಿ ದಪ್ಪ. ಜಗಲಿ ಮೇಲೆ ರೌಟರ್ ಇಟ್ರೆ ಅಡುಗೆಮನೆಗೆ ಸಿಗ್ನಲ್ ಬರೋ ಹೊತ್ತಿಗೆ ಜೀವ ಹೋಗಿರುತ್ತೆ. ಆದ್ರೆ ಅಡುಗೆಮನೆ ನಮ್ಮ ತಲೆನೋವಲ್ಲ. ನಮ್ಮ ತಲೆನೋವು ಬ್ಯಾರನ್.

ಬ್ಯಾರನ್ ಗೊತ್ತಿಲ್ಲದವರಿಗೆ ಎರಡು ಮಾತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯೋರು ಸೊಪ್ಪು ಬೇಯಿಸೋಕೆ ಕಟ್ಟೋ ಎತ್ತರದ ಕಟ್ಟಡ ಅದು. ಒಳಗೆ ಕಡ್ಡಿಗೆ ಕಟ್ಟಿದ ಸೊಪ್ಪು ಸಾಲುಸಾಲಾಗಿ ತೂಗ್ತಿರುತ್ತೆ, ಕೆಳಗೆ ಕಬ್ಬಿಣದ ಕೊಳವೆ, ಹೊರಗಡೆಯಿಂದ ಬೆಂಕಿ. ಮೊದಲು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ನಿಧಾನಕ್ಕೆ ಏರಿಸ್ತಾ ಹೋಗಿ ಕೊನೇಲಿ ದಂಟು ಒಣಗೋವಾಗ 70ರ ಹತ್ತಿರ ಹೋಗುತ್ತೆ. ಐದಾರು ದಿನ, ರಾತ್ರಿ ಹಗಲು. ರಾತ್ರಿ ಒಬ್ಬರು ಅಲ್ಲೇ ಮಲಗಿ ಸೌದೆ ನೋಡ್ಕೋಬೇಕು. ಶಾಖ ಹೆಚ್ಚುಕಮ್ಮಿ ಆದ್ರೆ ಹರಾಜು ಕಟ್ಟೇಲಿ ದರ ಬೀಳುತ್ತೆ, ಒಣಗಿದ ಸೊಪ್ಪು ಕೊಳವೆ ಮೇಲೆ ಬಿದ್ರಂತೂ ಇಡೀ ಬ್ಯಾರನ್ನೇ ಹತ್ಕೊಳ್ಳುತ್ತೆ. (ಹೊಗೆಸೊಪ್ಪು ಬೆಳೀಬೇಕಾ ಬೇಡ್ವಾ ಅನ್ನೋದು ಬೇರೆ ಜಗಳ. ಇನ್ನೊಂದಿನ ಆಡೋಣ.)

ನಮ್ಮ ಬ್ಯಾರನ್ ಮನೆಯಿಂದ ಹೆಚ್ಚುಕಮ್ಮಿ 70 ಮೀಟರ್. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಲಗೋದು ಅಪ್ಪ, ವಯಸ್ಸು ಅರವತ್ತೆಂಟು, ಸಕ್ಕರೆ ಕಾಯಿಲೆ ಇದೆ. ಹಿಂದಿನ ವರ್ಷ ಒಂದು ರಾತ್ರಿ ಒಂದೂವರೆ ಗಂಟೆಗೆ ಪಕ್ಕದವರ ಜೋಳದ ಹೊಲಕ್ಕೆ ಆನೆ ಬಂತು. ಊರವರು ಪಟಾಕಿ ಹೊಡೀತಾ ಇದಾರೆ, ಅವ್ವ ಮನೆಯಿಂದ ಫೋನ್ ಮೇಲೆ ಫೋನ್ ಮಾಡ್ತಾಳೆ, ಅಪ್ಪಂದು "ವ್ಯಾಪ್ತಿ ಪ್ರದೇಶದ ಹೊರಗೆ". ಕೊನೆಗೆ ಅವ್ವ ಬ್ಯಾಟರಿ ಹಿಡ್ಕೊಂಡು ತಾನೇ ಹೊರಟುಬಿಟ್ಟಿದ್ಲಂತೆ, ಪಕ್ಕದ ಮನೆ ಹುಡುಗರು ತಡೆದು ವಾಪಸ್ ಕಳಿಸಿದ್ರು. ಆನೆ ಕಾಡಿಗೆ ಹೋಯ್ತು, ಅಪ್ಪನಿಗೆ ಏನೂ ಆಗಿರ್ಲಿಲ್ಲ. ಆದ್ರೆ ಅವತ್ತು ಬೆಳಗ್ಗೆ ಅವ್ವ ನನಗೆ ಫೋನಲ್ಲಿ ಹೇಳಿದ್ದು ಒಂದೇ ಮಾತು: "ಇನ್ನು ಈ ಸೊಪ್ಪಿನ ಸವಾಸ ಸಾಕು ಕಣ್ಲಾ ಮಗ."

ಅಪ್ಪ ಬಿಡೋ ಪೈಕಿ ಅಲ್ಲ. ಹಂಗಾಗಿ ಫೋನೇ ಬ್ಯಾರನ್‌ಗೆ ಹೋಗಬೇಕು. ವೈಫೈ ಇದ್ರೆ ಸಾಕು, ಮೊಬೈಲ್ ಟವರ್ ಇಲ್ದೆಯೂ ಮಾಮೂಲಿ ನಂಬರಿಂದಲೇ ಕರೆ ಹೋಗುತ್ತೆ. ನಮ್ಮ ದೇಶದಲ್ಲಿ ಇದನ್ನ ಏರ್‌ಟೆಲ್ 2019ರ ಡಿಸೆಂಬರಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದ್ವು. ಫೋನಿನ ಸೆಟ್ಟಿಂಗ್ಸಲ್ಲಿ ವೈಫೈ ಕಾಲಿಂಗ್ ಅಂತ ಒಂದು ಗುಂಡಿ ಇರುತ್ತೆ, ಅಷ್ಟೇ.

ಅಂಗಡಿಯವನು ಹೇಳಿದ್ದು ಮೆಶ್ ಸೆಟ್ ತಗೊಳ್ಳಿ ಅಂತ. ಒಳ್ಳೇದೇ, ಆದ್ರೆ ದುಡ್ಡು ಜಾಸ್ತಿ. ಮತ್ತೆ ಒಂದು ಕಂಪನಿ ಮೆಶ್ ಇನ್ನೊಂದು ಕಂಪನಿದರ ಜೊತೆ ಸಾಮಾನ್ಯವಾಗಿ ಮಾತಾಡಲ್ಲ. ಎಲ್ಲಾ ಕಂಪನಿಗೂ ಒಂದೇ ಭಾಷೆ ಇರಲಿ ಅಂತ ವೈಫೈ ಅಲಯನ್ಸ್‌ನವರು 2018ರಲ್ಲಿ ಈಸಿಮೆಶ್ ಅಂತ ತಂದ್ರು, ನಮ್ಮ ಅಟ್ಟದ ಹಳೇ ಡಬ್ಬಗಳಿಗೆ ಅದು ಗೊತ್ತೇ ಇಲ್ಲ. ಇನ್ನು ರಿಪೀಟರ್. ಅದು ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಕೂಗಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತೆ. ಮಣ್ಣು ಗೋಡೆ ದಾಟಿ ಬಂದ ಸತ್ತ ಸಿಗ್ನಲ್ಲನ್ನ ಅರ್ಧ ಮಾಡಿ ಹಂಚಿದ್ರೆ ಏನು ಬಂತು?

ಬೇರೆ ಬೇರೆ ಕಂಪನಿ ರೌಟರ್‌ಗಳಿಗೆ ಎಲ್ಲಕ್ಕೂ ಬರೋ ಭಾಷೆ ಒಂದೇ: ತಂತಿ. ಎರಡನೇ ರೌಟರ್‌ನ ರೌಟರ್ ಕೆಲಸದಿಂದ ಬಿಡಿಸಿ ಬರೀ ವೈಫೈ ಕಂಬ ಮಾಡಿಬಿಡೋದು. ಮೊದಲ ರೌಟರ್ ವಿಳಾಸ 192.168.1.1 ಇದ್ರೆ ಎರಡನೇದಕ್ಕೆ 192.168.1.2, ಮೂರನೇದಕ್ಕೆ 192.168.1.3 ಅಂತ ಕೊಡಬೇಕು, ಆಮೇಲೆ ಆ ಎರಡರಲ್ಲೂ ಡಿಎಚ್‌ಸಿಪಿ ಆಫ್ ಮಾಡಬೇಕು. ಡಿಎಚ್‌ಸಿಪಿ ಅಂದ್ರೆ ಮನೆಗೆ ಬಂದ ಫೋನಿಗೆಲ್ಲ ವಿಳಾಸ ಬರೆದುಕೊಡೋ ಶಾನುಭೋಗ. ಒಂದೇ ಊರಿಗೆ ಮೂವರು ಶಾನುಭೋಗರಾದ್ರೆ ಒಂದೇ ಸೈಟು ಇಬ್ಬರಿಗೆ ಬರೆದುಕೊಡ್ತಾರಲ್ಲ, ಹಂಗಾಗುತ್ತೆ. ಕೇಬಲ್ಲನ್ನ ಎರಡನೇದರ ವ್ಯಾನ್ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಬೇಕು. ವ್ಯಾನ್‌ಗೆ ಹಾಕಿದ್ರೂ ಇಂಟರ್ನೆಟ್ ಬರುತ್ತೆ, ಆದ್ರೆ ಅದು ಬೇರೆ ಮನೆಯೇ ಆಗಿಬಿಡುತ್ತೆ. ಅಪ್ಪ ಮಾತಾಡ್ತಾ ಮನೆಯಿಂದ ಬ್ಯಾರನ್‌ಗೆ ನಡೆದ್ರೆ ವಿಳಾಸ ಬದಲಾಗಿ ಕರೆ ಕಟ್ ಆಗುತ್ತೆ. ಈಚಿನ ರೌಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇರುತ್ತೆ, ಅದನ್ನ ಒತ್ತಿದ್ರೆ ಇದನ್ನೆಲ್ಲ ಅದೇ ಮಾಡ್ಕೊಳ್ಳುತ್ತೆ.

ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಥರದ ಸೆಕ್ಯೂರಿಟಿ. ಚಾನೆಲ್ ಮಾತ್ರ 1, 6, 11 ಅಂತ ಬೇರೆ ಬೇರೆ, ಇಲ್ದಿದ್ರೆ ಒಂದರ ಮೇಲೊಂದು ಮಾತಾಡ್ತವೆ. ಬ್ಯಾರನ್‌ಗೆ 2.4 ಗಿಗಾಹರ್ಟ್ಸ್ ಸಾಕು, 5 ವೇಗ ಹೌದು ಆದ್ರೆ ಗೋಡೆ ಕಂಡ್ರೆ ಆಗಲ್ಲ. ಕೆ.ಆರ್. ನಗರದಲ್ಲಿ ಅಕ್ಕನ ಆರ್‌ಸಿಸಿ ಮನೇಲೂ ಇದೇ ಗೋಳು, ಕೆಳಗಿನ 5 ಗಿಗಾಹರ್ಟ್ಸ್ ಮೊದಲ ಮಹಡಿ ದಾಟಲ್ಲ. ಅಲ್ಲಿ ಮೆಟ್ಟಿಲ ಪಕ್ಕ ಒಂದು ಲ್ಯಾನ್ ಕೇಬಲ್ ಎಳೆದು ಹಳೇ ರೌಟರ್ ಕೂರಿಸಿದ್ದೇ ಎಲ್ಲಾ ಸರಿಹೋಯ್ತು, ಅರ್ಧ ಗಂಟೆ ಕೆಲಸ.

ನಮ್ಮಲ್ಲಿ ಅಷ್ಟು ಸಲೀಸಿಲ್ಲ. ಲ್ಯಾನ್ ಕೇಬಲ್ 100 ಮೀಟರ್ ತನಕ ಎಳೀಬಹುದು, 70 ಲೆಕ್ಕಕ್ಕೆ ಸರಿ. ಆದ್ರೆ ಬಯಲಲ್ಲಿ ತಾಮ್ರದ ತಂತಿ ಎಳೆದ್ರೆ ಸಿಡಿಲಿಗೆ ದಾರಿ ಮಾಡಿಕೊಟ್ಟಂಗೆ. ಅದಕ್ಕೆ ಹೊರಗಡೆ ಫೈಬರ್ರೇ ಎಳೆಸಿದೆ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಅನ್ನೋ ಅಂಗೈ ಅಗಲದ ಡಬ್ಬ. ಒಂದೇ ಎಳೇಲಿ ಹೋಗೋ ಬೆಳಕು 1310 ನ್ಯಾನೋಮೀಟರ್ ಆದ್ರೆ ಬರೋದು 1550, ಹಂಗಾಗಿ ಜೋಡಿಯಾಗೇ ತಗೋಬೇಕು, ಒಂದೇ ಥರದ್ದು ಎರಡು ತಂದ್ರೆ ಗಂಡಿಗೆ ಗಂಡನ್ನೇ ತೋರಿಸಿದಂಗೆ. ಫೈಬರ್ ಪಕ್ಕ ಎಳೆತಕ್ಕೆ ಅಂತ ಒಂದು ಉಕ್ಕಿನ ತಂತಿ ಇರುತ್ತೆ, ಅದನ್ನ ಡಬ್ಬದ ತನಕ ತರದೆ ಮೊದಲೇ ಕತ್ತರಿಸಬೇಕು, ಇಲ್ದಿದ್ರೆ ತಾಮ್ರ ಬೇಡ ಅಂದಿದ್ದಕ್ಕೆ ಅರ್ಥ ಇಲ್ಲ.

ಆಮೇಲೆ ಕರೆಂಟ್. ಬೇರೆ ಬೇರೆ ಕಂಪನಿ ತೊಂದರೆ ನಿಜವಾಗಿ ಕಾಡೋದು ಇಲ್ಲಿ. ಒಂದು ರೌಟರ್‌ಗೆ 12 ವೋಲ್ಟ್, ಒಂದಕ್ಕೆ 9, ಕನ್ವರ್ಟರ್‌ಗೆ 5, ಪಿನ್ನು ಮಾತ್ರ ಎಲ್ಲಾ ನೋಡೋಕೆ ಒಂದೇ. ಅಡಾಪ್ಟರ್‌ಗಳಿಗೆಲ್ಲ ಬಣ್ಣದ ಟೇಪ್ ಸುತ್ತಿ ಅಪ್ಪನಿಗೆ ಪಾಠ ಮಾಡಿದೆ. ರಾತ್ರಿ ಕರೆಂಟ್ ಹೋದ್ರೆ ಅಂತ ಮೂರು ವೋಲ್ಟೂ ಕೊಡೋ ಒಂದೊಂದು ಪುಟ್ಟ ಯುಪಿಎಸ್ ಎರಡೂ ಕಡೆ ಇಟ್ಟಿದೀನಿ.

ಈ ಕೆಲಸದ ಮಧ್ಯೆ ಓದಿದ್ದು ಒಂದು ಹೇಳ್ಬೇಕು. ನಮ್ಮ ಗುರುಪುರದ ಕ್ಯಾಂಪು, ಬೈಲಕುಪ್ಪೆಯ ಟಿಬೆಟನ್ನರ ನಂಟರಿಷ್ಟರು ಇರೋ ಧರ್ಮಶಾಲಾದಲ್ಲಿ 2005ರ ಸುಮಾರಿಗೇ ಏರ್‌ಜಲ್ದಿ ಅನ್ನೋರು ಮನೆಯಲ್ಲಿಡೋ ಲಿಂಕ್‌ಸಿಸ್ ರೌಟರ್‌ಗಳ ತಂತ್ರಾಂಶ ಬದಲಿಸಿ ಗುಡ್ಡದಿಂದ ಗುಡ್ಡಕ್ಕೆ ಜಾಲ ಕಟ್ಟಿದ್ರು. ಆ ಲಿಂಕ್‌ಸಿಸ್‌ನ ಸೋರ್ಸ್ ಕೋಡ್ 2003ರಲ್ಲಿ ಹೊರಬಂದಿದ್ದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಅದನ್ನ ಹಾಕಿದ್ರೆ ಯಾವ ಕಂಪನಿ ರೌಟರೇ ಆಗಲಿ ಒಂದಕ್ಕೊಂದು ಮೆಶ್ ಆಗಬಲ್ಲವು. ನಮ್ಮ ರಾಜ್ಯದಲ್ಲೇ ತುಮಕೂರಿನ ದೇವರಾಯನದುರ್ಗದ ಕಡೆ ಜನಸ್ತು ಸಂಸ್ಥೆಯವರು ಹಳ್ಳಿಯವರ ಜೊತೆ ಸೇರಿ ಸಮುದಾಯದ್ದೇ ವೈಫೈ ಮೆಶ್ ಕಟ್ಟಿದಾರೆ. ನನ್ನ ಮೂರರಲ್ಲಿ ಅದನ್ನ ಹಾಕೋಕಾಗೋದು ಒಂದಕ್ಕೇ, ಹಂಗಾಗಿ ಆಸೆ ಸದ್ಯಕ್ಕೆ ಮಡಚಿಟ್ಟೆ.

ಎಲ್ಲಾ ಪೂರ್ತಿ ಸರಿ ಅಂತೇನಿಲ್ಲ. ಯಾವ ರೌಟರ್‌ಗೆ ಅಂಟ್ಕೋಬೇಕು ಅಂತ ನಿರ್ಧಾರ ಮಾಡೋದು ಫೋನು. ಅಪ್ಪನ ಫೋನು ಹಳೇ ಮನುಷ್ಯನ ಥರ, ಮನೆ ಸಿಗ್ನಲ್ ಒಂದು ಕಡ್ಡಿ ಉಳಿದಿದ್ರೂ ಬಿಡಲ್ಲ, ಹಲಸಿನ ಮರದ ತನಕ ಎಳೆದಾಡುತ್ತೆ. ಮನೆ ಹಿಂಬದಿ ರೌಟರ್ ಪವರ್ ಮಧ್ಯಮಕ್ಕೆ ಇಳಿಸಿದ ಮೇಲೆ ವಾಸಿ. ಎಚ್.ಡಿ. ಕೋಟೆ ಗೆಳೆಯನೊಬ್ಬ ನನಗೂ ಹಿಂಗೇ ಮಾಡಿಕೊಡು ಅಂದ, ಅವನ ತೋಟಕ್ಕೆ ಫೈಬರ್ರೇ ಬಂದಿಲ್ಲ. ಮೂಲದಲ್ಲೇ ನೀರಿಲ್ದಿದ್ರೆ ಪೈಪ್ ಎಳೆದು ಏನು ಮಾಡೋದು.

ಈ ಸಲದ ಮೊದಲ ಬೇಯಿಸೋ ರಾತ್ರಿ ಹನ್ನೊಂದಕ್ಕೆ ಮೈಸೂರಿನಿಂದ ನಾನೇ ಅಪ್ಪನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದ.

"ಏನ್ಲಾ ಇಷ್ಟೊತ್ನಲ್ಲಿ?"

"ಏನಿಲ್ಲ ಕಣಪ್ಪ, ಕೇಳುಸ್ತದಾ ನೋಡ್ದೆ. ಊಟ ಮಾಡಿದ್ಯಾ, ಮಾತ್ರೆ ತಗೊಂಡ್ಯಾ?"

"ಇದ ಈಗ ನಿಮ್ಮವ್ವ ಕೇಳಿ ಇಟ್ಲು. ಅರ್ಧ ಗಂಟೆಗೆ ಒಂದ್ಸಲ ಮಾಡ್ತಾವ್ಳೆ. ಇದ ಆರ್ಸೋದು ಹೆಂಗೆ ಹೇಳು ಮೊದ್ಲು."

ಹೇಳಿಕೊಟ್ಟಿಲ್ಲ. ಈಗಿನ ಚಿಂತೆ ಬೇರೆ, ಒಲೆ ಮಸಿ ಎಲ್ಲಾ ರೌಟರ್ ತೂತಿನೊಳಗೆ ಹೋಗ್ತಾ ಇದೆ. ಮುಚ್ಚಿಟ್ರೆ ಬಿಸಿ ಆಗುತ್ತೆ. ಸದ್ಯಕ್ಕೆ ಗಾಳಿ ಬರೋ ಕಡೆ ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು, ಮೇಲೆ ಒಂದು ಹಳೇ ಬಿಸ್ಕತ್ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಚಾವಣಿ ಥರ ಸಿಕ್ಕಿಸಿದೀನಿ. ಇದಕ್ಕಿಂತ ಒಳ್ಳೇ ಉಪಾಯ ಗೊತ್ತಿದ್ದೋರು ಹೇಳಿ.