ಅಳಿವೆಯ ಹೊರಗೆ

ನಮ್ಮ ಕರಾವಳಿಯ ಗಾಳಿಗೆ ಮಳೆಗಾಲ ಕಳೆದ ಮೇಲೆ ಒಂದು ದಿನಚರಿಯುಂಟು. ಇರುಳಿನಲ್ಲಿ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿಯು ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಬಳಿಕ ಅದೇ ಗಾಳಿ ದಿಕ್ಕು ಬದಲಿಸಿ, ಬಹುಮಟ್ಟಿಗೆ ವಾಯವ್ಯದಿಂದ, ನೆಲದತ್ತ ತಿರುಗುತ್ತದೆ. ಯಂತ್ರದೋಣಿಗಳು ಬರುವ ಮೊದಲು ಕಡಲಮಕ್ಕಳ ಬದುಕು ಈ ಲೆಕ್ಕವನ್ನೇ ನಂಬಿತ್ತು. ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವೆಡೆಯ ಹಂಗಾರಕಟ್ಟೆ ಹಾಯಿಹಡಗುಗಳ ಕಾಲದಲ್ಲಿ ಹೆಸರಾದ ಬಂದರು. ಅದರ ಸಮೀಪದ ಬಾರಕೂರನ್ನೂ ಅಲ್ಲಿಯ ಕತ್ತಲೆ ಬಸದಿಯನ್ನೂ ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ, ಫೆಬ್ರವರಿಯ ಒಂದು ದಿನ, ಹಾಯಿದೋಣಿಯ ಪಯಣವನ್ನು ಒಮ್ಮೆಯಾದರೂ ಕಾಣಬೇಕೆಂದು ನಾವು ನಾಲ್ವರು ಮಿತ್ರರು ಅಲ್ಲಿಂದ ಹೊರಟೆವು. ನಮ್ಮಲ್ಲಿ ಹಿರಿಯರಾದವರಿಗೆ ಎಪ್ಪತ್ತು ದಾಟಿತ್ತು. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ವ್ರತ ಅವರದು. ಇನ್ನೊಬ್ಬರು ವ್ಯಾಪಾರಿಗಳು, ಕಾಲದ ಬೆಲೆ ಬಲ್ಲವರು. ತಾಂಡೇಲರು ಬೆಳಗಿನ ಇಳಿತದ ನೀರಿನೊಡನೆ ದೋಣಿಯನ್ನು ಅಳಿವೆಯಿಂದ ಹೊರದಾಟಿಸಿ ಹಾಯಿ ಬಿಚ್ಚಿದರು. ಮುಂದೆ ಕಿವಿಗೆ ಬಿದ್ದುದು ನೀರಿನ ಸದ್ದು ಮಾತ್ರ.

ದಕ್ಷಿಣಕ್ಕೆ ಸಾಗಿ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಬಳಿ ಬರುವಷ್ಟರಲ್ಲಿ ಗಾಳಿ ಸತ್ತುಹೋಯಿತು. ಹಾಯಿ ಜೋತುಬಿತ್ತು. ಕಾಯುವುದೊಂದೇ ಕೆಲಸ. ಅಲ್ಲಿಯ ಕಂಬಗಳಂತಹ ಶಿಲೆಗಳಿಗೆ ಸುಮಾರು 8.8 ಕೋಟಿ ವರ್ಷಗಳ ವಯಸ್ಸೆಂದೂ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ಅದೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ಅಂತಹ ಕಲ್ಲಿನ ಎದುರು ಕುಳಿತು ವ್ಯಾಪಾರಿ ಮಿತ್ರರು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದುದು ನಮಗೆ ವಿನೋದವಾಗಿತ್ತು.

ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದಿತು. ಅಂದು ಎಂದಿಗಿಂತ ಬಿರುಸಾಗಿಯೇ ಎದ್ದಿತು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗುತ್ತ, ಬೆಳಿಗ್ಗೆ ಒಂದು ತಾಸಿನಲ್ಲಿ ಬಂದ ದಾರಿಯನ್ನು ಹಿಂದಿರುಗಲು ಮೂರು ತಾಸಿಗೂ ಹೆಚ್ಚು ಹಿಡಿಯಿತು. ಐದೂವರೆಗೆ ಅಳಿವೆಯ ಹೊರಗೆ ಬಂದಾಗ ತಾಂಡೇಲರು ಹಾಯಿಯನ್ನು ಅರ್ಧ ಇಳಿಸಿ ಮೌನವಾಗಿ ನೋಡುತ್ತ ನಿಂತರು. ನೀರಿನ ಇಳಿತ ಮತ್ತೆ ತೊಡಗಿತ್ತು. ಹೊರಗೆ ನುಗ್ಗುವ ಹೊಳೆಯ ನೀರು, ಒಳಗೆ ತಳ್ಳುವ ಗಾಳಿ. ಇವೆರಡೂ ಮರಳದಿಬ್ಬದ ಮೇಲೆ ಇದಿರಾಗಿ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತಿದ್ದವು.

"ಈಗ ಬೇಡ ಮಾರಾಯ್ರೇ, ಮಲ್ಪೆಗೆ ಹೋಗುವ," ಎಂದರು.

ದಡದ ತೆಂಗಿನ ಮರಗಳು ಎಣಿಸುವಷ್ಟು ಹತ್ತಿರದಲ್ಲಿದ್ದವು. ಹಿರಿಯರ ಊಟ ಅಲ್ಲಿಯ ಬಂಧುಗಳ ಮನೆಯಲ್ಲಿ ಸಿದ್ಧವಾಗಿತ್ತು. ಮಲ್ಪೆಗೆ ತಿರುಗಿದರೆ ಕತ್ತಲಾಗುವುದು ಖಚಿತ. ವ್ಯಾಪಾರಿ ಮಿತ್ರರು, ದೋಣಿಗೆ ಸಣ್ಣ ಯಂತ್ರವೂ ಇದೆಯಲ್ಲ, ಬೇಕಾದರೆ ಬಾಡಿಗೆ ಇಮ್ಮಡಿ ಕೊಡೋಣ, ಇವರ ವ್ರತಕ್ಕೆ ಭಂಗ ಬರಬಾರದು ಎಂದರು. ಅದು ಪ್ರೀತಿಯ ಮಾತೇ ಹೊರತು ದರ್ಪದ್ದಲ್ಲ. ತಾಂಡೇಲರು ಉತ್ತರಿಸದೆ ಹಿರಿಯರ ಮುಖ ನೋಡಿದರು. ಬಾಡಿಗೆ ಕೊಟ್ಟವರು ಒತ್ತಾಯಿಸಿದರೆ ಇಲ್ಲವೆನ್ನುವುದು ದುಡಿದು ತಿನ್ನುವವನಿಗೆ ಎಷ್ಟು ಕಷ್ಟವೆಂಬುದನ್ನು ನಾನು ಆ ನೋಟದಲ್ಲಿ ಕಂಡೆನು.

"ಊಟ ಬಿಟ್ಟರೆ ನನ್ನ ವ್ರತ ಕೆಡುವುದಿಲ್ಲ, ಅದರ ಭಾರವನ್ನು ಇವರ ಮೇಲೆ ಹೊರಿಸಿದರೆ ಕೆಡುತ್ತದೆ. ತಿರುಗಿಸಿ ತಾಂಡೇಲರೇ," ಎಂದರು ಹಿರಿಯರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಎಲ್ಲೆಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಸಮುದ್ರವನ್ನು. ಎಲ್ಲೆಯನ್ನು ಮನಸ್ಸು ಶಾಂತವಾಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕೆಂಬುದರ ಔಚಿತ್ಯ ನನಗೆ ಆ ಸಂಜೆ ಹೊಸದಾಗಿ ಹೊಳೆಯಿತು. ನಮ್ಮ ಯಾತ್ರಾಸಂಘಗಳ ಬಸ್ಸುಗಳನ್ನೂ ನೆನೆದೆನು. ಸೂರ್ಯಾಸ್ತದೊಳಗೆ ಕ್ಷೇತ್ರ ಸೇರಿ ಊಟ ಮುಗಿಸಬೇಕೆಂದು, ಹಿಂದಿನ ಇರುಳು ನಿದ್ದೆಗೆಟ್ಟ ಚಾಲಕನನ್ನು ಘಟ್ಟದ ತಿರುವುಗಳಲ್ಲಿ ಅವಸರಪಡಿಸುವುದನ್ನು ನಾನು ಕಂಡಿದ್ದೇನೆ. ಯಾತ್ರೆಯನ್ನು ಏರ್ಪಡಿಸುವ ಆಡಳಿತ ಮಂಡಳಿಗಳು ವೇಳಾಪಟ್ಟಿಯಲ್ಲಿ ಒಂದು ತಾಸನ್ನು ಸುಮ್ಮನೆ ಬಿಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಮಲ್ಪೆಯತ್ತ ಗಾಳಿ ಬೆನ್ನಿಗಿತ್ತು. ದೋಣಿ ಹಾರಿದಂತೆ ಓಡಿತು. ನಡುಕಡಲಿನಲ್ಲಿ ಸೂರ್ಯ ಮುಳುಗಿದನು. ಹಿರಿಯರು ಕೊನೆಯ ಗುಟುಕು ನೀರು ಕುಡಿದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಬಂದರಿನ ದೀಪಗಳ ನಡುವೆ ಇಳಿದಾಗ ವ್ಯಾಪಾರಿ ಮಿತ್ರರು ಹೇಳಿದ್ದ ಇಮ್ಮಡಿ ಹಣವನ್ನೇ ಕೊಡಹೋದರು. ತಾಂಡೇಲರು ಗೊತ್ತಾದ ಬಾಡಿಗೆಯನ್ನಷ್ಟೇ ಎಣಿಸಿಕೊಂಡು ಉಳಿದುದನ್ನು ಹಿಂದಿರುಗಿಸಿದರು. ತಾವು ದೋಣಿಯಲ್ಲಿಯೇ ಮಲಗಿ, ನಸುಕಿನ ಗಾಳಿ ಎದ್ದೊಡನೆ ಊರಿಗೆ ಹೊರಡುವುದಾಗಿ ಹೇಳಿ ಹಾಯಿ ಮಡಚತೊಡಗಿದರು.