ಕೆಂಚಾರ್ಲಹಳ್ಳಿಯ ಕಲ್ಲುಗುಡ್ಡದಲ್ಲಿ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಕಡೆಯ ಗುಡ್ಡಗಳನ್ನು ನೋಡಬೇಕೆಂದು ನಾವು ಬೆಳಗಿನ ಜಾವದಲ್ಲಿಯೇ ಹೊರಟೆವು. ಬೋಳು ಬಂಡೆ, ಕುರುಚಲು ಗಿಡ; ಮೇಲುನೋಟಕ್ಕೆ ಜೀವವೇ ಇಲ್ಲದ ನೆಲ. ಆದರೂ ನವಿಲಿನ ಕೂಗು ಕೇಳಿಸಿತು. ಗೌಜಲಹಕ್ಕಿಗಳು ಕಾಲಬುಡದಿಂದಲೇ ಭರ್ರನೆ ಹಾರಿದುವು.

ಜೊತೆಗಿದ್ದ ಮುದಿ ಕುರಿಗಾಹಿಯು ತಟ್ಟನೆ ಕೋಲನ್ನು ಅಡ್ಡ ಹಿಡಿದು, “ನಿಲ್ಲಿ ಸ್ವಾಮಿ” ಎಂದನು. ಕಲ್ಲಿನ ಸಂದಿನಲ್ಲಿ ಗೇಣಿಗಿಂತ ತುಸು ಉದ್ದದ ಗರಗಸಮಂಡಲ! ಸುರುಳಿ ಸುರುಳಿಯಾಗಿ ಮೈಯುಜ್ಜಿ ಗರಗರನೆ ಸದ್ದುಮಾಡುತ್ತಿತ್ತು. ಆ ಸದ್ದು ಬಾಯಿಯದಲ್ಲ, ಗರಗಸದಂತಿರುವ ಹುರುಪೆಗಳದು. ಇದರ ಬಳಗದ ಕೊಳಕುಮಂಡಲವಾದರೋ ಇಲಿಗಳನ್ನರಸಿ ಹೊಲಕ್ಕೇ ಬರುವುದು. ಅದರ ಬುಸುಗುಟ್ಟುವಿಕೆ ಬಲು ಜೋರು. ಎರಡೂ ನಮ್ಮ ಸೀಮೆಯಲ್ಲಿ ಮೊಟ್ಟೆಯಿಡದೆ ಮರಿಯನ್ನೇ ಈಯುವುವು.

“ನನ್ನ ತಮ್ಮನಿಗೆ ಕಡಿದಾಗ ಕಟ್ಟು ಬಿಗಿದು, ಗಾಯ ಕೊಯ್ದು, ಮಂತ್ರ ಹಾಕಿಸಲು ಹೊತ್ತೊಯ್ದೆವು, ಉಳಿಯಲಿಲ್ಲ” ಎಂದನು ಮುದುಕ, ತೆಲುಗು ಬೆರೆತ ಕನ್ನಡದಲ್ಲಿ. ಮಂಡಲದ ವಿಷವು ರಕ್ತವನ್ನು ಹೆಪ್ಪುಗಟ್ಟಗೊಡದು. ಕೊಯ್ದರೆ ಸೋರುವುದು ನಿಲ್ಲದು. ನಾಗರ, ಕಟ್ಟುಹಾವು, ಈ ಎರಡು ಮಂಡಲ, ನಾಲ್ಕಕ್ಕೂ ಒಂದೇ ಪ್ರತಿವಿಷವುಂಟು. ಅದು ದೊರೆಯುವುದು ಆಸ್ಪತ್ರೆಯಲ್ಲಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ಕರ್ನಾಟಕ ಸರಕಾರವು 2024ರಲ್ಲಿ ವಿಧಿಸಿದ್ದು ತಡವಾದರೂ ಒಳ್ಳೆಯದೇ.

ಹಾವು ಮೆಲ್ಲನೆ ಬಂಡೆಯಡಿ ಸರಿಯಿತು. ಮುದುಕನು ಅದನ್ನು ಹೊಡೆಯಲಿಲ್ಲ. ಕುರಿಗಳನ್ನು ಮಾತ್ರ ಬೇರೆ ಕಡೆಗೆ ತಿರುಗಿಸಿದನು.