ಹುಣಸೆ ಬೀಜದ ಲೆಕ್ಕ

ಹನ್ನೊಂದು ಜನ, ಒಬ್ಬೊಬ್ಬರಿಗೆ ಹೆಚ್ಚೆಂದರೆ ಮೂರು ಬೀಜ. ಹಾಗಾಗಿ ಒಂದು ಲೋಟದಲ್ಲಿ 33ಕ್ಕಿಂತ ಹೆಚ್ಚು ಹುಣಸೆ ಬೀಜ ಇರಲು ಸಾಧ್ಯವಿರಲಿಲ್ಲ. ಮೊದಲ ಎಂಟು ಲೋಟಗಳನ್ನು ಚಾಪೆಯ ಮೇಲೆ ಸುರಿದು ಎಣಿಸಿದಾಗಲೂ ಸರಿಯಾಗಿ 33. ಮ್ಯಾನೇಜರ್ ಮುಖ ಅರಳಿತ್ತು. ಒಂಬತ್ತನೆಯದರಲ್ಲಿ 31 ಬಂತು. ಅವರು ಮತ್ತೊಮ್ಮೆ ಎಣಿಸಿದರು. ಲೋಟದ ತಳಕ್ಕೆ ಬೆರಳು ಹಾಕಿ ತಡಕಾಡಿದರು. 31.

"ಎಲ್ಲೋ ಉರುಳಿರ್ಬೇಕು, ಚಾಪೆ ಕೆಳಗೆ ನೋಡ್ರಮ್ಮ" ಅಂದರು. ಯಾರೂ ಚಾಪೆ ಎತ್ತಲಿಲ್ಲ.

ಆ ಲೋಟದ ಮುಂದಿದ್ದ ಚೀಟಿಯಲ್ಲಿ ನಾನೇ ಬರೆದಿದ್ದ ಪ್ರಶ್ನೆ: ‘ದುಡ್ಡಿನ ಲೆಕ್ಕ ಎಲ್ಲರಿಗೂ ತಿಳಿಯುವಂತೆ ಹೇಳ್ತೀವಾ?’ ಒಬ್ಬರು ಒಂದೇ ಬೀಜ ಹಾಕಿದ್ದರೂ 31 ಬರುತ್ತದೆ. ಇಬ್ಬರು ಎರಡೆರಡು ಹಾಕಿದ್ದರೂ ಬರುತ್ತದೆ. ಯಾರು ಎಂದು ಕೇಳುವಂತಿಲ್ಲ, ಅದಕ್ಕೇ ತಾನೇ ಲೋಟಗಳನ್ನು ಒಳಕೋಣೆಯಲ್ಲಿ ಇಟ್ಟು ಒಬ್ಬೊಬ್ಬರನ್ನೇ ಕಳಿಸಿದ್ದು.

ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿರುವ ಈ ಕೇಂದ್ರ ನನ್ನ ಪಿಎಚ್‌ಡಿಯ ‘ಕ್ಷೇತ್ರ’. ಸುತ್ತಲಿನ ಸ್ವಸಹಾಯ ಸಂಘಗಳಿಗೆ ಲೆಕ್ಕ ಬರೆದುಕೊಡುವುದು, ಬ್ಯಾಂಕಿನ ಅರ್ಜಿ ತುಂಬಿಸುವುದು, ಹೊಸ ಸಂಘಗಳಿಗೆ ತರಬೇತಿ ಕೊಡುವುದು, ಒಳಜಗಳವಾದರೆ ಹೋಗಿ ಕೂತು ಬರುವುದು ಅದರ ಕೆಲಸ. ಅಂದರೆ ಜನರಿಗೆ ನೇರವಾಗಿ ಏನನ್ನೂ ಹಂಚದ, ಸಂಘಗಳ ಬೆನ್ನಿಗೆ ನಿಲ್ಲುವ ಸಂಸ್ಥೆ. ಇಂಥ ಸಂಸ್ಥೆಗಳ ಕಷ್ಟವೇ ಬೇರೆ. ಬೋರ್‌ವೆಲ್ ಕೊರೆಸಿದವರು ನೀರು ತೋರಿಸಬಹುದು. ಸಂಘ ಒಡೆಯದಂತೆ ನೋಡಿಕೊಂಡವರು ಏನನ್ನು ತೋರಿಸಬೇಕು?

ನಮ್ಮ ಗೈಡ್ ಇದಕ್ಕೊಂದು ದಾರಿ ಹೇಳಿದ್ದರು. ಸಣ್ಣ ಸ್ವಯಂಸೇವಾ ಸಂಸ್ಥೆಗಳು ತಮ್ಮನ್ನು ತಾವೇ ಅಳೆದುಕೊಳ್ಳಲೆಂದು ಲಂಡನ್ನಿನ ಚಾರಿಟೀಸ್ ಇವ್ಯಾಲ್ಯುಯೇಷನ್ ಸರ್ವೀಸಸ್ 1997ರಲ್ಲಿ ಒಂದು ಗುಣಮಟ್ಟದ ಚೌಕಟ್ಟನ್ನು ಹೊರತಂದಿತ್ತು. ಹೆಸರು ಪಿಕ್ಯೂಎಎಸ್‌ಎಸ್‌ಒ. ನಾನು ಮನಸ್ಸಿನಲ್ಲೇ ಪಿಕಾಸೋ ಎಂದು ಓದಿಕೊಳ್ಳುತ್ತಿದ್ದೆ. ಯೋಜನೆ, ಆಡಳಿತ, ಹಣಕಾಸು, ಸಿಬ್ಬಂದಿ ಹೀಗೆ ವಿಭಾಗಗಳು; ಪ್ರತಿಯೊಂದರಲ್ಲೂ ಮೂರು ಹಂತ. ಸಂಸ್ಥೆಯವರೇ ಕೂತು ತಾವು ಯಾವ ಹಂತದಲ್ಲಿದ್ದೇವೆ ಎಂದು ಮಾತಾಡಿಕೊಂಡು, ಏನು ತಿದ್ದಬೇಕೆಂದು ಪಟ್ಟಿ ಮಾಡಿ, ತಿದ್ದಿ, ಮತ್ತೆ ನೋಡಿಕೊಳ್ಳಬೇಕು.

ಅದನ್ನು ಕನ್ನಡಕ್ಕೆ ತರಲು ನನಗೆ ಎರಡು ತಿಂಗಳು ಹಿಡಿಯಿತು. ಇಂಗ್ಲಿಷಿನ ‘ಎವಿಡೆನ್ಸ್’ಗೆ ನಾನು ‘ಸಾಕ್ಷ್ಯ’ ಎಂದು ಬರೆದಿದ್ದೆ. ಮೊದಲ ಸಭೆಯಲ್ಲಿ ಅದನ್ನು ಓದಿದ ಕೂಡಲೇ ಒಬ್ಬರು, "ಏನ್ ಮೇಡಂ, ಕೇಸ್ ಹಾಕ್ತಾರಾ?" ಅಂದರು. ‘ಪುರಾವೆ’ ಎಂದು ತಿದ್ದಿದೆ. ಅದೂ ತಾಲ್ಲೂಕು ಆಫೀಸಿನ ಮಾತೇ. ಕೊನೆಗೆ ಲೆಕ್ಕ ಬರೆಯುವಾಕೆ, "‘ಹೆಂಗ್ ಗೊತ್ತಾಯ್ತು?’ ಅಂತ ಕೇಳಿ ಸಾಕು" ಎಂದರು. ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುವ ಅವರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನನ್ನ ಅನುವಾದದಲ್ಲಿ ಇವತ್ತಿಗೂ ಚೆನ್ನಾಗಿರುವ ಸಾಲು ಅದೊಂದೇ.

ನಮೂನೆ ಕೊಟ್ಟಾಗ ಎಲ್ಲರೂ ಎಲ್ಲದಕ್ಕೂ ಮೂರನೇ ಹಂತಕ್ಕೆ ಟಿಕ್ ಹಾಕಿಕೊಟ್ಟರು. ಹೊರಗಿನವರು ಕೊಟ್ಟ ಕಾಗದದ ಮೇಲೆ ಕಡಿಮೆ ಅಂಕ ಬರೆದುಕೊಂಡರೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೀಜ. ಎಂಬತ್ತರ ದಶಕದ ಕೊನೆಯಿಂದ ಮೈರಾಡದಂಥ ಸಂಸ್ಥೆಗಳು ಹಳ್ಳಿಗಳಲ್ಲಿ ಕಾಳು, ಕಲ್ಲು, ರಂಗೋಲಿ ಪುಡಿ ಇಟ್ಟುಕೊಂಡು ಜನರಿಂದಲೇ ಊರಿನ ನಕ್ಷೆ ಬರೆಸುತ್ತಿದ್ದದ್ದನ್ನು ಓದಿದ್ದೆ. "ಇದು ನಿಮ್ಮೊಳಗೇ ಇರುತ್ತೆ, ಹೊರಗೆ ಯಾರಿಗೂ ಕೊಡಲ್ಲ" ಎಂದು ಹೇಳಿದ್ದೂ ನಾನೇ.

ಗುಣಮಟ್ಟದ ಚೌಕಟ್ಟು ಲಂಡನ್ನಿನಿಂದಲೇ ಬರಬೇಕಿತ್ತೇ ಎಂದು ನೀವು ಕೇಳಬಹುದು. ನನ್ನನ್ನು ಅವರೂ ಕೇಳಿದರು. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಎಂಬತ್ತರ ದಶಕದಲ್ಲಿ ಸಣ್ಣ ಸಣ್ಣ ಉಳಿತಾಯದ ಗುಂಪುಗಳನ್ನು ಕಟ್ಟಿತು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಆ ಅನುಭವದಿಂದ ತಿಳಿಯಾಗಿ ಬಂದದ್ದೇ ಪಂಚಸೂತ್ರ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಹೆಂಗಸರು ಇದನ್ನು ಒಪ್ಪಿಸುತ್ತಾರೆ. ಆದರೆ ಪಂಚಸೂತ್ರ ಅಳೆಯುವುದು ಸಂಘವನ್ನು. ಸಂಘಕ್ಕೆ ಪಾಠ ಹೇಳುವ ಕೇಂದ್ರವನ್ನು ಅಳೆಯುವವರು ಯಾರು? ಅಧ್ಯಕ್ಷೆ ನಕ್ಕು, "ಮೇಷ್ಟ್ರಿಗೂ ಒಂದ್ ಪರೀಕ್ಷೆ ಇರ್ಲಿ ಬಿಡಿ" ಎಂದಿದ್ದರು.

ಬೀಜ ಎಣಿಸಿದ ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಲೆಕ್ಕದಕ್ಕ ಜೊತೆಗೆ ಬಂದರು. ಬಸ್ಸು ಕಾಣಿಸಿದ ಮೇಲೆ ಹೇಳಿದರು: "ನಾನ್ ಎರಡೇ ಹಾಕಿದ್ದು. ಪುಸ್ತಕ ಬರಿಯೋಳು ನಾನೇ. ನಾನ್ ಬರ್ದಿದ್ನ ಯಾರೂ ಓದಲ್ಲ. ಸಹಿ ಮಾಡ್ತಾರೆ ಅಷ್ಟೆ."

ಅಲ್ಲಿಂದ ಕೆಲಸ ಶುರುವಾಯಿತು. ದೊಡ್ಡ ತರಬೇತಿ, ಫ್ಲೆಕ್ಸು ಏನೂ ಬೇಡ ಎಂದುಕೊಂಡೆವು. ಡೆಮಿಂಗ್ ಹೆಸರಿನೊಂದಿಗೆ ಓಡಾಡುವ ಒಂದು ಚಕ್ರವಿದೆ: ಯೋಚಿಸು, ಸಣ್ಣದಾಗಿ ಮಾಡು, ಏನಾಯಿತೆಂದು ನೋಡು, ಆಮೇಲೆ ಮುಂದಕ್ಕೆ ಹೋಗು. ಕಾರ್ಖಾನೆಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಅದರಂತೆ ಮೂರೇ ಸಂಘ, ಒಂದೇ ತಿಂಗಳು. ಸಭೆಯ ಕೊನೆಗೆ ಸಹಿ ಹಾಕುವ ಮೊದಲು ಲೆಕ್ಕದಕ್ಕ ಪ್ರತಿಯೊಬ್ಬರ ಉಳಿತಾಯ, ಸಾಲ, ಬಾಕಿಯನ್ನು ಗಟ್ಟಿಯಾಗಿ ಓದಬೇಕು. ಕೇಳುವವರು ತಮ್ಮ ಪಾಸ್‌ಬುಕ್ ಬಿಚ್ಚಿ ನೋಡಬೇಕು. ಓದು ಬಾರದವರ ಪಾಸ್‌ಬುಕ್ಕನ್ನು ಮಕ್ಕಳು ನೋಡುತ್ತಿದ್ದರು. ಸಭೆ ಅರ್ಧ ಗಂಟೆ ಉದ್ದವಾಯಿತು. "ಅಡುಗೆ ಆಗ್ಬೇಕು, ಬೇಗ ಓದಕ್ಕಾ" ಎಂಬ ಗೊಣಗಾಟವೂ ಇತ್ತು.

ಒಟ್ಟು 41 ಪಾಸ್‌ಬುಕ್. ಪುಸ್ತಕಕ್ಕೆ ತಾಳೆಯಾಗದವು ಒಂಬತ್ತು. ಆರು ಮಂದಿ ಹಣ ಕಟ್ಟುವಾಗ ಪಾಸ್‌ಬುಕ್ ಮನೆಯಲ್ಲೇ ಮರೆತು, ಆಮೇಲೆ ಬರೆಸಿಯೇ ಇರಲಿಲ್ಲ. ಇನ್ನಿಬ್ಬರದು ಒಂದೇ ಹೆಸರು. ಒಬ್ಬಳ ಕಂತು ಇನ್ನೊಬ್ಬಳಿಗೆ ಜಮಾ ಆಗಿತ್ತು. ಉಳಿದ ಒಂದರಲ್ಲಿ 600 ರೂಪಾಯಿ ಸಂಘದ ಪ್ರತಿನಿಧಿಯ ಕೈಯಲ್ಲೇ ಉಳಿದುಬಿಟ್ಟಿತ್ತು. ಮಗನ ಜ್ವರಕ್ಕೆ ಖರ್ಚಾಯಿತು ಎಂದರು. ಮುಂದಿನ ವಾರ ತಂದುಕೊಟ್ಟರು. ಜಗಳವಾಗಲಿಲ್ಲ. ಒಂಬತ್ತನ್ನೂ ತಿದ್ದಿದರು. ಮುಂದಿನ ತಿಂಗಳು ಹತ್ತು ಸಂಘಗಳಲ್ಲಿ ಗಟ್ಟಿಯಾಗಿ ಓದುವುದೆಂದು ತೀರ್ಮಾನವಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದವಿತ್ತು. ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ ನಾನು ಇದನ್ನು ಮಂಡಿಸಿದೆ. ಕೇಂದ್ರದ ಹೆಸರು ಹೇಳಲಿಲ್ಲ. ಆದರೆ ಜಿಲ್ಲೆ ಹೇಳಿದೆ, ಸಂಘಗಳ ಸಂಖ್ಯೆ ಹೇಳಿದೆ, ಒಂದು ಸ್ಲೈಡಿನಲ್ಲಿ ದೊಡ್ಡ ಅಕ್ಷರಗಳಲ್ಲಿ ‘41ರಲ್ಲಿ 9’ ಎಂದು ಹಾಕಿದೆ. ನನಗದು ಪ್ರಾಮಾಣಿಕತೆಯ ಸಂಖ್ಯೆಯಾಗಿತ್ತು. ಪ್ರಶ್ನೋತ್ತರದಲ್ಲಿ ಚಪ್ಪಾಳೆಯೂ ಬಂತು. ಕೇಂದ್ರಕ್ಕೆ ಅನುದಾನ ಕೊಡುವ ಸಂಸ್ಥೆಯ ಒಬ್ಬರು ಮೂರನೇ ಸಾಲಿನಲ್ಲಿ ಕೂತಿದ್ದರಂತೆ. ಅಂಥ ಕೇಂದ್ರ ಆ ಜಿಲ್ಲೆಯಲ್ಲಿ ಎಷ್ಟಿವೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹದಿನೈದು ದಿನ ಬಿಟ್ಟು ಮ್ಯಾನೇಜರ್ ಫೋನ್ ಮಾಡಿದರು. ಬೈಯಲಿಲ್ಲ. "ಮೇಡಂ, ಎರಡನೇ ಕಂತು ತಡೆದಿದ್ದಾರೆ. ವಿಶೇಷ ಆಡಿಟ್ ಆಗ್ಬೇಕಂತೆ. ಒಂಬತ್ತು ಪಾಸ್‌ಬುಕ್ ವಿಷಯ ಅವರಿಗೆ ಹೆಂಗ್ ಗೊತ್ತಾಯ್ತು?" ಎಂದು ಕೇಳಿದರು. ನನ್ನ ಅನುವಾದದ ಸಾಲೇ ನನಗೆ ತಿರುಗಿ ಬಂದಿತ್ತು.

ಆಡಿಟ್ ಮುಗಿದು ಹಣ ಬರಲು ನಾಲ್ಕು ತಿಂಗಳಾಯಿತು. ಆಡಿಟ್‌ನಲ್ಲಿ ಏನೂ ಸಿಗಲಿಲ್ಲ. ಸಿಗಬೇಕಾದದ್ದೆಲ್ಲ ಅವರೇ ಮೊದಲೇ ಹುಡುಕಿ ತಿದ್ದಿದ್ದರು. ಆ ನಾಲ್ಕು ತಿಂಗಳು ಲೆಕ್ಕದಕ್ಕನಿಗೆ ಸಂಬಳವಿರಲಿಲ್ಲ. ಲೋಟಕ್ಕೆ ಎರಡೇ ಬೀಜ ಹಾಕಿದಾಕೆಗೆ. ನಾನು ನನ್ನ ಫೆಲೋಶಿಪ್ಪಿನಿಂದ ಸ್ವಲ್ಪ ಹಣ ಕಳಿಸಲು ಹೋದೆ. "ಅದೆಲ್ಲ ಬ್ಯಾಡ, ನೀವು ಬಂದು ಎಲ್ರ ಮುಂದೆ ಹೇಳಿ" ಎಂದರು.

ಹೋದೆ. ಹೇಳಿದೆ. ಗುಣಮಟ್ಟ, ಗೌಪ್ಯತೆ, ಒಪ್ಪಿಗೆ ಎಂದೆಲ್ಲ ಪ್ರಬಂಧದ ಅಧ್ಯಾಯಗಳಲ್ಲಿ ಸಲೀಸಾಗಿ ಬರೆಯುವ ಮಾತುಗಳು ಆ ಚಾಪೆಯ ಮೇಲೆ ಕೂತಾಗ ಬಾಯಿಗೆ ಬರಲಿಲ್ಲ. "ಹೇಳಬಾರದು ಅಂತ ಗೊತ್ತಿದ್ದೂ ಹೇಳಿದೆ, ನಂದು ತಪ್ಪಾಯ್ತು" ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷೆ, "ಆವತ್ತು ಎರಡು ಹಾಕಿದ ಇನ್ನೊಬ್ಬಳು ನಾನು. ಸಹಿ ಮಾಡಿದ್ದೆಲ್ಲ ನಂಗೂ ಅರ್ಥ ಆಗ್ತಿರ್ಲಿಲ್ಲ" ಎಂದರು. ಮ್ಯಾನೇಜರ್ ತಲೆ ಎತ್ತಿ ಅವರನ್ನೇ ನೋಡಿದರು.

ಆರು ತಿಂಗಳಿಗೊಮ್ಮೆ ಅಳೆದುಕೊಳ್ಳುವುದನ್ನು ಅವರು ನಿಲ್ಲಿಸಿಲ್ಲ. ಎರಡನೇ ಸುತ್ತಿನ ದಿನ ನಾನೂ ಅಲ್ಲಿದ್ದೆ, ಆದರೆ ಹೊರಗೆ ಜಗುಲಿಯ ಮೇಲೆ. ಒಳಗೆ ಬೀಜಗಳು ಲೋಟಕ್ಕೆ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ತುಂಬಾ ಹೊತ್ತು ಮಾತು, ಒಂದೆರಡು ಸಲ ಏರಿದ ದನಿ, ನಗು. ಟೀ ಕೊಡಲು ಬಂದ ಲೆಕ್ಕದಕ್ಕ ಒಂಬತ್ತನೇ ಲೋಟದ ಸಂಖ್ಯೆಯನ್ನು ನನ್ನ ಕಿವಿಯಲ್ಲಿ ಹೇಳಿದರು. ಈ ಬರಹವನ್ನು ಕಳಿಸುವ ಮೊದಲು ಅವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಒಂದು ಪ್ಯಾರಾ ತೆಗೆಸಿದರು, ಪಾಸ್‌ಬುಕ್ಕಿನ ಲೆಕ್ಕ ಇರಲಿ ಎಂದರು. ಎರಡನೇ ಸಲದ ಆ ಸಂಖ್ಯೆಯನ್ನು ಮಾತ್ರ ಬರೆಯಬೇಡಿ ಎಂದರು.